ಸೈರನ್ ಕೂಗಿದಾಗ ಒಳಗೇ ಉಳಿದ ಹೂಡಿಕೆದಾರರು

ಹೂಡಿಕೆದಾರರ ಮುಂದೆ ಹಣ ಕೇಳುವ ನನ್ನ ಮೊದಲ ಪಿಚ್‌ನಲ್ಲಿ ಲೇಸರ್ ಪಾಯಿಂಟರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದೆ. ಒಂದೇ ಕೈಯಲ್ಲಿ ಹಿಡಿದರೆ ಪರದೆಯ ಮೇಲಿನ ಕೆಂಪು ಚುಕ್ಕೆ ಜ್ವರ ಬಂದವರ ಹಾಗೆ ನಡುಗುತ್ತಿತ್ತು.

ಇನ್‌ಬಾಕ್ಸಿನಲ್ಲಿ ಸುಮಾರು ಜನ ಕೇಳಿದ್ದೀರಿ, ಮೇಡಂ ನಿಮಗೆ ಫಂಡಿಂಗ್ ಹೇಗೆ ಸಿಕ್ಕಿತು, ಟಿಪ್ಸ್ ಕೊಡಿ ಅಂತ. ಟಿಪ್ಸ್ ನನ್ನ ಹತ್ತಿರ ಇಲ್ಲ. ಇದ್ದಿದ್ದು ಹೆದರಿಕೆ, ಅದೂ ಬೇಕಾದಷ್ಟು. ಆದದ್ದನ್ನು ಆದ ಹಾಗೆ ಹೇಳುತ್ತೇನೆ, ನಿಮಗೆ ಉಪಯೋಗವಾದರೆ ಇಟ್ಟುಕೊಳ್ಳಿ.

ಆ ಪಿಚ್ ನಡೆದದ್ದು ತಿರುವನಂತಪುರದ ಒಂದು ಸಭಾಂಗಣದಲ್ಲಿ. ನಾವಿರುವ ಶ್ರೀಕಾರ್ಯಂನಿಂದ ಆಟೋದಲ್ಲಿ ಹೋಗುವಷ್ಟು ಹತ್ತಿರ. ನನ್ನ ಗಂಡನಿಗೆ ಅಲ್ಲಿ ಕೇಂದ್ರ ಸರ್ಕಾರದ ಸಂಸ್ಥೆಯಲ್ಲಿ ವಿಜ್ಞಾನಿಯ ಕೆಲಸ. ನಾನೂ ಅಂಥದ್ದೇ ಒಂದು ಸಂಸ್ಥೆಯಲ್ಲಿ ಅಳತೆಯ ಉಪಕರಣಗಳ ವಿಭಾಗದಲ್ಲಿದ್ದವಳು, ಸ್ವಯಂ ನಿವೃತ್ತಿ ತೆಗೆದುಕೊಂಡು ಕಂಪನಿ ಶುರು ಮಾಡಿದ್ದೆ. ಕಂಪನಿ ಎಂದರೆ ಕೊಚ್ಚಿಯ ಪಾಲಾರಿವಟ್ಟಂನಲ್ಲಿ ಒಂದು ಬೇಕರಿಯ ಮೇಲಿನ ಮಹಡಿ, ನಾನು, ಮತ್ತು ನಮ್ಮ ಎಂಜಿನಿಯರ್. ವಾರದ ಅರ್ಧ ಅಲ್ಲಿ, ಅರ್ಧ ಇಲ್ಲಿ, ನಡುವೆ ರೈಲು.

ನಾವು ಮಾಡುತ್ತಿದ್ದದ್ದು ಅಮೋನಿಯಾ ಸೋರಿಕೆ ಪತ್ತೆ ಮಾಡುವ ಯಂತ್ರ. ಸಿಗಡಿ ಸುಲಿದು, ತೊಳೆದು, ಹೆಪ್ಪುಗಟ್ಟಿಸಿ ಹೊರದೇಶಕ್ಕೆ ಕಳಿಸುವ ಕಾರ್ಖಾನೆಗಳು ಕೊಚ್ಚಿಯ ಸುತ್ತ ಇವೆ. ಅಲ್ಲಿನ ಶೀತಲ ಕೋಣೆಗಳನ್ನು ತಣ್ಣಗಿಡುವುದು ಅಮೋನಿಯಾ. ಪೈಪಿನಲ್ಲಿ ಇರುವವರೆಗೆ ಅದು ಸಾಧು. ಹೊರಬಂದರೆ ಮೊದಲು ಕಣ್ಣು, ಆಮೇಲೆ ಶ್ವಾಸಕೋಶ. ಒಮ್ಮೆ ಕಂಪ್ರೆಸರ್ ಕೋಣೆ ನೋಡಲು ಹೋದಾಗ, ಆಪರೇಟರ್ ಎಣ್ಣೆ ಬಸಿಯುವ ವಾಲ್ವ್ ತೆರೆದ ಕ್ಷಣ, ಒಂದು ಸಣ್ಣ ಉಸಿರಿನಷ್ಟು ಅಮೋನಿಯಾ ನನ್ನ ಮುಖಕ್ಕೆ ಹೊಡೆಯಿತು. ಉಸಿರು ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ. ಬಾಗಿಲು ನನ್ನ ಎದುರಿಗೇ ಇತ್ತು, ನಾನು ಪಕ್ಕದ ಗೋಡೆ ತಡವುತ್ತಿದ್ದೆ. ಆಪರೇಟರ್ ತೋಳು ಹಿಡಿದು ಹೊರಗೆ ಎಳೆದರು. ಆಮೇಲೆ ಚಾಯ ಕುಡಿಸಿದರು, ನಕ್ಕರು. ನನಗೆ ಮಾತ್ರ ಆ ಗೋಡೆ ಇವತ್ತಿಗೂ ಬೆರಳ ತುದಿಯಲ್ಲಿದೆ.

ಪಿಚ್‌ನಲ್ಲಿ ಇದನ್ನೆಲ್ಲ ಹೇಳಲಿಲ್ಲ ನಾನು. ಸೆನ್ಸರ್ ತೇವದಲ್ಲಿ ಹೇಗೆ ದಾರಿ ತಪ್ಪುತ್ತದೆ, ಅದನ್ನು ಹೇಗೆ ಸರಿಪಡಿಸಿದೆವು ಎಂದು ಸ್ಲೈಡ್ ಮೇಲೆ ಸ್ಲೈಡ್ ಹಾಕಿದೆ. ಮುಂದಿನ ಸಾಲಿನಲ್ಲಿದ್ದವರು ಫೋನ್ ನೋಡತೊಡಗಿದರು. ಒಬ್ಬರು ಮಾತ್ರ ಕೊನೆಯವರೆಗೂ ಕೇಳಿದರು. ಬೆಂಗಳೂರಿನ ಒಂದು ಹೂಡಿಕೆ ನಿಧಿಯ ಪಾಲುದಾರರು, ನನ್ನದೇ ವಯಸ್ಸಿನವರು, ಮಾತು ಕೇಳಿದರೆ ಹುಬ್ಬಳ್ಳಿ ಕಡೆಯವರು. ಚಾಯದ ಹೊತ್ತಿನಲ್ಲಿ ಹತ್ತಿರ ಬಂದು, ಯಂತ್ರ ಹಿಡಿಸಿತು, ಆದರೆ ಇದಕ್ಕೆ ರೊಕ್ಕ ಕೊಡುವವರು ಯಾರು ಎಂದು ನಿಮಗೇ ಗೊತ್ತಿದ್ದ ಹಾಗಿಲ್ಲ ಎಂದರು. ಮೊಬೈಲ್ ನಂಬರ್ ಕೊಟ್ಟರು. ಪಕ್ಕದಲ್ಲಿದ್ದ ತಮ್ಮ ಅನಲಿಸ್ಟ್ ಹುಡುಗನನ್ನು ತೋರಿಸಿ, ಇವನಿಗೆ ಆಗಾಗ ವಿಷಯ ತಿಳಿಸುತ್ತಿರಿ ಎಂದರು.

ನಾನು ಎಡವಿದ್ದು ಇಲ್ಲಿ. ಸರ್ಕಾರಿ ಕಚೇರಿಯಲ್ಲಿ ಬೆಳೆದವರು ಮಾತ್ರ ಎಡವುವ ಜಾಗ ಇದು. ಮೇಲಿನವರು ಇಂಥವರ ಮೂಲಕ ಬನ್ನಿ ಎಂದು ಬೆರಳು ತೋರಿಸಿದರೆ ನಮಗೆ ಅದೇ ದಾರಿ. ಪ್ರಾಪರ್ ಚಾನಲ್. ಮೇಲಿನವರಿಗೆ ನೇರ ಫೋನ್ ಮಾಡುವುದು ಎಂದರೆ ನಡುವಿನವರ ತಲೆ ಮೇಲೆ ಕಾಲಿಟ್ಟ ಹಾಗೆ. ನಾನು ಪ್ರತಿ ತಿಂಗಳೂ ಆ ಅನಲಿಸ್ಟ್‌ಗೆ ಒಂದು ವರದಿ ಕಳಿಸಿದೆ. ನನ್ನ ಗಂಡ ಕೂತು ಅದರ ಇಂಗ್ಲಿಷನ್ನು ಇನ್ನಷ್ಟು ವಿನಯದ ಇಂಗ್ಲಿಷ್ ಮಾಡಿದರು. ಉತ್ತರ ಬರಲಿಲ್ಲ. ಇಬ್ಬರಿಗೂ ಅನುಮಾನ ಹುಟ್ಟಲಿಲ್ಲ. ನಮ್ಮ ಲೋಕದಲ್ಲಿ ಉತ್ತರ ಬಂದಿಲ್ಲ ಎಂದರೆ ಫೈಲು ಯಾರದೋ ಮೇಜಿನ ಮೇಲಿದೆ ಎಂದರ್ಥ.

ಈ ನಡುವೆ ಪ್ರಯೋಗಕ್ಕೆಂದು ಯಂತ್ರ ಹಾಕಿದ್ದ ಸಿಗಡಿ ಕಾರ್ಖಾನೆಯಲ್ಲಿ ಬೇರೆಯೇ ಕಷ್ಟ ಶುರುವಾಯಿತು. ಕೊಳೆತ ಮೀನಿನಿಂದ ಏಳುವ ಅನಿಲವೂ ಅಮೋನಿಯಾದ ಸೋದರಸಂಬಂಧಿ. ಸಿಗಡಿಯ ಸಿಪ್ಪೆ, ತಲೆ ತುಂಬಿದ ಡ್ರಮ್ಮನ್ನು ಯಾರಾದರೂ ತಳ್ಳಿಕೊಂಡು ಸೆನ್ಸರ್ ಕೆಳಗೆ ಹಾದರೆ ಸಾಕು, ಸೈರನ್ ಕೂಗುತ್ತಿತ್ತು. ಎರಡನೇ ವಾರದಲ್ಲಿ ಯಾರೋ ಸೆನ್ಸರಿಗೆ ಪ್ಲಾಸ್ಟಿಕ್ ಚೀಲ ತೊಡಿಸಿ ರಬ್ಬರ್ ಬ್ಯಾಂಡ್ ಹಾಕಿದ್ದರು. ಯಾರೆಂದು ಕೇಳುವ ಧೈರ್ಯವೂ ನನಗಿರಲಿಲ್ಲ. ಎಂಜಿನಿಯರ್ ಸೆನ್ಸರ್ ಮುಂದೆ ಇದ್ದಿಲಿನ ಫಿಲ್ಟರ್ ಕೂರಿಸಿದ. ಕಂಪ್ರೆಸರ್ ಕೋಣೆಯ ಬಳಿ ಎರಡನೇ ಸೆನ್ಸರ್ ಇಟ್ಟು ಎರಡನ್ನೂ ಹೋಲಿಸಿ ನೋಡುವಂತೆ ಮಾಡಿದ. ಸುಳ್ಳು ಕೂಗು ಕಡಿಮೆಯಾಯಿತು, ನಿಲ್ಲಲಿಲ್ಲ.

ಪೂರ್ತಿ ನಿಲ್ಲಿಸಲು ಒಂದು ಸುಲಭದ ಉಪಾಯ ಇತ್ತು. ಅನಿಲ ಸಿಕ್ಕ ಕೂಡಲೇ ಕೂಗದೆ, ಒಂದೂವರೆ ನಿಮಿಷ ಕಾದು, ಆಗಲೂ ಇದ್ದರೆ ಮಾತ್ರ ಕೂಗುವುದು. ಡ್ರಮ್ ಆದರೆ ಅಷ್ಟರಲ್ಲಿ ದಾಟಿ ಹೋಗಿರುತ್ತದೆ. ಸೋರಿಕೆಯಾದರೆ ಇನ್ನೂ ಇರುತ್ತದೆ. ಕಾರ್ಖಾನೆಯ ಮ್ಯಾನೇಜರ್‌ಗೆ ಬೇಕಾಗಿದ್ದದ್ದೂ ಅದೇ. ಇನ್ನೊಂದು ಸಲ ಸುಮ್ಮನೆ ಕೂಗಿದರೆ ನಿಮ್ಮ ಪೆಟ್ಟಿಗೆ ಗೋಡೆ ಮೇಲೆ ಇರುವುದಿಲ್ಲ ಎಂದು ಅವರು ನಗುತ್ತಲೇ ಹೇಳಿದ್ದರು. ಆ ನಗು ನನಗೆ ಬೈಗುಳಕ್ಕಿಂತ ಕೆಟ್ಟದಾಗಿ ಕಂಡಿತು. ಆದರೂ ಒಂದೂವರೆ ನಿಮಿಷ ಎಂದ ಕೂಡಲೇ ನನ್ನ ಕೈ ಆ ಗೋಡೆ ತಡವುತ್ತಿತ್ತು.

ಆ ತಿಂಗಳು ಬ್ಯಾಂಕಿನ ಖಾತೆಯನ್ನು ದಿನಾ ತೆರೆದು ನೋಡುತ್ತಿದ್ದೆ. ಉಳಿದ ದುಡ್ಡು ತಿಂಗಳ ಕೊನೆಯವರೆಗೆ ಮಾತ್ರ. ಅದೇ ಹೊತ್ತಿಗೆ ಎಂಜಿನಿಯರ್, ಹೇಳಲೋ ಬೇಡವೋ ಎಂದು ಎರಡು ಸಲ ಚಾಯ ತರಿಸಿ, ಕೊನೆಗೆ ಹೇಳಿದ: ಗಲ್ಫ್‌ನ ಒಂದು ಕಂಪನಿ ಕರೆದಿದೆ, ತಿಂಗಳ ಕೊನೆಗೆ ಉತ್ತರ ಕೊಡಬೇಕು. ಅವನಿಗೆ ಮನೆ ಸಾಲ ಇದೆ, ಚಿಕ್ಕ ಮಗು ಇದೆ. ಹೋಗಬೇಡ ಎನ್ನಲು ನನಗೆ ಯಾವ ಬಾಯಿ? ಅವನು ಹೋದರೆ ಕಂಪನಿ ಎಂದರೆ ನಾನು ಮತ್ತು ಕೆಳಗಿನ ಬೇಕರಿಯ ವಾಸನೆ.

ಅಂದು ಕೊಚ್ಚಿಯ ತ್ರಿಪ್ಪುಣಿತ್ತುರದ ಮೆಟ್ರೋ ನಿಲ್ದಾಣದ ಕಂಬಕ್ಕೆ ಒರಗಿ, ಕಣ್ಣು ಮುಚ್ಚಿ, ಆ ಪಾಲುದಾರರ ನಂಬರ್ ಒತ್ತಿದೆ. ನನ್ನ ಹೆಸರು ಹೇಳಿದೆ.

"ನೀವು ಅಂಗಡಿ ಮುಚ್ಚೀರಿ ಅಂತ ತಿಳ್ಕೊಂಡಿದ್ನಲ್ರೀ ನಾ."

"ಇಲ್ಲ ಸರ್. ಪ್ರತಿ ತಿಂಗಳೂ ರಿಪೋರ್ಟ್ ಕಳಿಸ್ತಾನೇ ಇದೀನಿ."

"ಯಾರಿಗೆ ಕಳಸೀರಿ?"

"ನಿಮ್ಮ ಅನಲಿಸ್ಟ್‌ಗೆ. ಅವರ ಥ್ರೂ ನಿಮಗೆ ಬರುತ್ತೆ ಅಂತ."

"ಆ ಹುಡುಗ ಕೆಲಸ ಬಿಟ್ಟು ಭಾಳ ದಿನ ಆತು. ನನ್ನ ನಂಬರ್ ಇತ್ತಿಲ್ರೀ ನಿಮ್ಮ ಕಡೆ?"

"ಇತ್ತು ಸರ್. ಡೈರೆಕ್ಟಾಗಿ ಮಾಡಿದ್ರೆ ಸರಿ ಹೋಗಲ್ಲ ಅನ್ನಿಸ್ತು."

"ಏನ್ರೀ ಮೇಡಂ, ನಾ ಏನು ನಿಮ್ಮ ಡೈರೆಕ್ಟರಾ? ರೊಕ್ಕ ಹಾಕಾಂವಗ ಮೊದಲು ಫೋನ್ ಹಚ್ಚಬೇಕು, ಆಮ್ಯಾಲೆ ದೇವರಿಗೆ."

ಆ ಹುಡುಗನ ಇಮೇಲ್ ಖಾತೆಯನ್ನು ಯಾರೂ ಮುಚ್ಚಿರಲಿಲ್ಲ, ಹಾಗಾಗಿ ನನ್ನ ಪತ್ರಗಳು ತಿರುಗಿ ಬಂದಿರಲಿಲ್ಲ, ಅಷ್ಟೇ. ಅವರು ಮುಂದುವರಿಸಿ, ಈ ನಿಧಿಯಲ್ಲಿ ಇನ್ನೊಂದು ಕಂಪನಿಗಷ್ಟೇ ಜಾಗ ಉಳಿದಿದೆ, ಮುಂದಿನ ವಾರ ಹೂಡಿಕೆ ಸಮಿತಿ ಕೂರುತ್ತದೆ, ಅದಾದ ಮೇಲೆ ನಾನು ಏನೂ ಮಾಡಲಾರೆ ಎಂದರು. ಈ ಗುರುವಾರ ಬೇರೆ ಕೆಲಸಕ್ಕೆ ಕೊಚ್ಚಿಗೆ ಬರುತ್ತೇನೆ, ಕಾರ್ಖಾನೆಯಲ್ಲೇ ಯಂತ್ರ ತೋರಿಸಿ, ಸ್ಲೈಡ್ ಬೇಡ ಎಂದೂ ಹೇಳಿದರು.

ಬುಧವಾರ ಸಂಜೆ ಆಫೀಸಿನಲ್ಲಿ ನಾನೂ ಎಂಜಿನಿಯರೂ ಜಗಳ ಆಡಿದೆವು. ಅವನು ಮಲಯಾಳಂ, ನಾನು ನನ್ನ ಹರಕು ಮಲಯಾಳಂ, ಕನ್ನಡದಲ್ಲಿ ಬರೆಯುತ್ತೇನೆ. ಚೇಚಿ ಎಂದರೆ ಅಕ್ಕ, ಅವನು ನನ್ನನ್ನು ಕರೆಯುವುದೇ ಹಾಗೆ.

"ಚೇಚಿ, ನಾಳೆ ಒಂದು ದಿನ ಆ ಒಂದೂವರೆ ನಿಮಿಷ ಹಾಕಿಬಿಡೋಣ. ಅವರು ವಿಮಾನ ಹತ್ತಿದ ಮೇಲೆ ನಾನೇ ತೆಗೀತೀನಿ."

"ಆ ದಿನವೇ ಸೋರಿದರೆ?"

"ಇಷ್ಟು ತಿಂಗಳಲ್ಲಿ ಸೋರಿಲ್ಲ."

"ಅದಕ್ಕೇ ಹೆದರಿಕೆ."

ಅವನು ಲ್ಯಾಪ್‌ಟಾಪ್ ಮುಚ್ಚಿ, ಚೇಚಿಗೆ ಕಂಪನಿ ಉಳಿಸುವ ಮನಸ್ಸಿಲ್ಲ ಎಂದ. ಅವನ ಮಾತು ಸುಳ್ಳು ಎಂದು ಹೇಳುವಷ್ಟು ನಂಬಿಕೆ ನನಗೂ ಇರಲಿಲ್ಲ. ಗಂಡನಿಗೆ ಫೋನ್ ಮಾಡಿದೆ. ಅವರು ಎರಡೂ ಕಡೆಯ ವಾದವನ್ನು ಚೆನ್ನಾಗಿ ಬಿಡಿಸಿ ಹೇಳಿ, ನಿರ್ಧಾರ ನಿನ್ನದು ಎಂದರು. ವಿಜ್ಞಾನಿಯನ್ನು ಮದುವೆಯಾದರೆ ಇದೇ ಪಾಡು. ಅವರ ಪಕ್ಕದಲ್ಲಿದ್ದ ನಮ್ಮ ಮಗಳು ಮಲಯಾಳಂನಲ್ಲಿ, ಅಮ್ಮ ಏನಾದರೂ ತಿಂದಿದ್ದಾಳಾ ಕೇಳಿ ಎಂದು ಅವರಿಗೇ ಹೇಳುತ್ತಿದ್ದದ್ದು ನನಗೂ ಕೇಳಿಸಿತು. ತಿಂದಿರಲಿಲ್ಲ. ಒಂದೂವರೆ ನಿಮಿಷ ಹಾಕಲೂ ಇಲ್ಲ.

ಗುರುವಾರ ಪಾಲುದಾರರು ಬಂದರು. ಇಂಥ ಕಾರ್ಖಾನೆಯೊಳಗೆ ಹೋಗುವವರು ಹೊರಗಿನ ಕೋಣೆಯಲ್ಲಿ ಚೀಲ, ಚಪ್ಪಲಿ ಬಿಟ್ಟು ಬಿಳಿ ಕೋಟು, ಟೋಪಿ, ಗಂಬೂಟು ಹಾಕಿಕೊಳ್ಳಬೇಕು. ಅವರು ಗಂಬೂಟಿನಲ್ಲಿ ಧಪಧಪ ನಡೆದು ಎಲ್ಲವನ್ನೂ ನೋಡಿದರು. ಮ್ಯಾನೇಜರ್ ಕೂಡ ಅಂದು ಒಳ್ಳೆಯ ಮಾತನ್ನೇ ಆಡಿದರು. ಸುಲಿಯುವ ಹಾಲ್‌ನಲ್ಲಿ ಉದ್ದದ ಸ್ಟೀಲ್ ಮೇಜುಗಳ ಎರಡೂ ಕಡೆ ಹೆಂಗಸರು, ತಲೆ ತಗ್ಗಿಸಿ, ಬೆರಳು ಮಾತ್ರ ಓಡುತ್ತಿತ್ತು. ನಾನು ಮೊದಲ ಸಲ ಸರಿಯಾಗಿ ಉಸಿರಾಡಿದೆ. ಆಗ ಸೈರನ್ ಕೂಗಿತು.

ಎಂಜಿನಿಯರ್ ಫೋನಿನಲ್ಲಿ ಗ್ರಾಫ್ ತೆರೆದ. ಗೆರೆ ನೆಟ್ಟಗೆ ಏರುತ್ತಿತ್ತು. ಡ್ರಮ್ ಆದರೂ ಮೊದಲು ಹಾಗೇ ಏರುತ್ತದೆ, ಸೋರಿಕೆಯಾದರೂ ಹಾಗೇ. ಇಳಿಯುತ್ತದೋ ಇಲ್ಲವೋ ಗೊತ್ತಾಗಲು ಕಾಯಬೇಕು. ಮ್ಯಾನೇಜರ್ ಕೈ ಎತ್ತಿ, ಏನಿಲ್ಲ, ಡ್ರಮ್, ಕೆಲಸ ನೋಡಿ ಎಂದು ಹೆಂಗಸರಿಗೆ ಹೇಳಿದರು. ಪಾಲುದಾರರು ನನ್ನ ಮುಖ ನೋಡಿದರು. ಕಾರ್ಖಾನೆಯೊಂದಿಗಿನ ಒಪ್ಪಂದದಲ್ಲಿ ಒಂದು ಮಾತು ನಾನೇ ಸೇರಿಸಿದ್ದೆ: ನಾನು ಅಲ್ಲಿದ್ದರೆ, ಸೈರನ್ ಕೂಗಿದರೆ, ಜನರನ್ನು ಹೊರಗೆ ಕಳಿಸುವ ಅಧಿಕಾರ ನನ್ನದು. ಬರೆಯುವಾಗ ಸುಲಭವಾಗಿತ್ತು.

ಎಲ್ಲರೂ ಹೊರಗೆ ನಡೆಯಿರಿ ಎಂದೆ. ಸೈರನ್ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಇನ್ನೊಮ್ಮೆ ಕಿರುಚಿದೆ.

ಹೆಂಗಸರು ಎದ್ದರು. ಕೈಯಲ್ಲಿ ಸಿಗಡಿ ಹಿಡಿದೇ ಹೊರಟರು ಕೆಲವರು. ಲಾರಿ ನಿಲ್ಲುವ ಅಂಗಳದಲ್ಲಿ, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ನೋಡಿ, ಅದಕ್ಕೆ ತಕ್ಕ ಮೂಲೆಗೆ ಅವರನ್ನು ನಿಲ್ಲಿಸಿದೆವು. ಸುಡು ಬಿಸಿಲು. ಒಬ್ಬಾಕೆ, ದಿನಗೂಲಿ ಈ ಮೇಡಂ ಕೊಡುತ್ತಾರಂತಾ ಎಂದದ್ದಕ್ಕೆ ಸುತ್ತಲಿನವರೆಲ್ಲ ನಕ್ಕರು. ಸೂಪರ್‌ವೈಸರ್ ಹೆಸರು ಕರೆದರು, ಎಲ್ಲರೂ ಇದ್ದರು. ನಾನು ನಮ್ಮವರನ್ನು ಎಣಿಸಿದೆ. ಒಬ್ಬರು ಕಡಿಮೆ. ಪಾಲುದಾರರು ಇರಲಿಲ್ಲ.

ಬಾಗಿಲಿನತ್ತ ಓಡಿದೆ. ಮಾಸ್ಕ್ ಇಲ್ಲದೆ ಒಳಗೆ ಹೋಗಬಾರದೆಂಬ ನಿಯಮ ಬರೆದವಳೂ ನಾನೇ, ಎಂಜಿನಿಯರ್ ಹಿಂದಿನಿಂದ ಬಂದು ತೋಳು ಹಿಡಿದುಕೊಂಡ. ಹೊಸ್ತಿಲಲ್ಲಿ ನಿಂತು ಕೂಗಿದೆ. ಚೀಲ ಬಿಡುವ ಕೋಣೆಯಿಂದ ಒಂದು ದನಿ, ಒಂದ್ ನಿಮಿಷ ಬಂದೆ ಎಂದಿತು.

"ಬ್ಯಾಗ್ ಬಿಟ್ಟು ಹೊರಗೆ ಬರ್ರೀ! ಬುದ್ಧಿ ಇದೆಯೇನ್ರೀ ನಿಮಗೆ? ಸೈರನ್ ಅಂದ್ರೆ ಮದುವೆ ಮನೆ ಓಲಗ ಅಂದ್ಕೊಂಡ್ರಾ?"

ಬಂದರು. ಎದೆಗೆ ಲ್ಯಾಪ್‌ಟಾಪ್ ಚೀಲ ಅವುಚಿಕೊಂಡು, ಒಂದು ಕಾಲಲ್ಲಿ ಗಂಬೂಟು, ಇನ್ನೊಂದರಲ್ಲಿ ಬರೀ ಕಾಲುಚೀಲ. ಅಷ್ಟು ಹೆಂಗಸರ ಎದುರು. ಕನ್ನಡ ಬಾರದಿದ್ದರೂ ನಾನು ಏನಂದೆ ಎನ್ನುವುದು ಎಲ್ಲರಿಗೂ ಅರ್ಥವಾಗಿತ್ತು.

ಆಪರೇಟರ್ ಮಾಸ್ಕ್ ಹಾಕಿಕೊಂಡು, ಗಂಧಕದ ಬತ್ತಿ ಹಚ್ಚಿ ಒಳಗೆ ಹೋದರು. ಅಮೋನಿಯಾ ಇದ್ದ ಕಡೆ ಆ ಬತ್ತಿಯ ಹೊಗೆ ದಟ್ಟ ಬಿಳಿಯಾಗುತ್ತದೆ. ವಾಲ್ವ್ ವಾಲ್ವ್‌ಗೂ ಹಿಡಿದು ನೋಡಿ ಹೊರಬಂದರು. ಬಿಳಿ ಹೊಗೆ ಎಲ್ಲೂ ಇಲ್ಲ. ಸೆನ್ಸರ್ ಇದ್ದ ಹಿಂದಿನ ಓಣಿಯಲ್ಲಿ ಸಿಪ್ಪೆಯ ಡ್ರಮ್ ಮಗುಚಿಕೊಂಡಿತ್ತು, ಅಷ್ಟೇ.

ಸುಳ್ಳು ಕೂಗು.

ಮ್ಯಾನೇಜರ್ ಈ ಸಲ ನಗಲಿಲ್ಲ. ಇವತ್ತೇ ಬಿಚ್ಚಿಕೊಂಡು ಹೋಗಿ ಎಂದರು. ಪಾಲುದಾರರು ಬೂಟು ಹಾಕಿಕೊಂಡು, ಬರ್ತೀನ್ರೀ ಎಂದಷ್ಟೇ ಹೇಳಿ ಕಾರು ಹತ್ತಿದರು. ನಾನು ಏಣಿ ಹಿಡಿದೆ, ಎಂಜಿನಿಯರ್ ಮೇಲೆ ಹತ್ತಿ ಪೆಟ್ಟಿಗೆ ಬಿಚ್ಚಿದ. ಪಾಲಾರಿವಟ್ಟಂ ಬರುವವರೆಗೆ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆವು.

ಸೋಮವಾರ ಅವರ ಫೋನ್ ಬಂತು. ನಾನು ಶ್ರೀಕಾರ್ಯಂನ ಮನೆಯ ಅಡುಗೆಮನೆಯಲ್ಲಿದ್ದೆ. ಒಲೆ ಆರಿಸಿದೆ. ಮೊದಲು ಆವತ್ತು ಬೈದದ್ದಕ್ಕೆ ಕ್ಷಮೆ ಕೇಳಿದೆ. ಅದಿರಲಿ ಎಂದರು. ಸಮಿತಿಯವರ ಜತೆ ಮಾತಾಡಿದ್ದೇನೆ, ಒಂದು ಷರತ್ತಿನ ಮೇಲೆ ಒಪ್ಪುತ್ತಾರೆ: ಮ್ಯಾನೇಜರ್ ಆವತ್ತು ಹೇಳಿದ ಆ ಒಂದೂವರೆ ನಿಮಿಷದ ಕಾಯುವಿಕೆ ಹಾಕಬೇಕು. ಸುಮ್ಮಸುಮ್ಮನೆ ಕೂಗುವ ಯಂತ್ರವನ್ನು ಯಾರೂ ಕೊಳ್ಳುವುದಿಲ್ಲ. ಹೌದು ಎಂದುಬಿಡಿ, ಈ ವಾರವೇ ಕಾಗದಪತ್ರ ಕಳಿಸುತ್ತೇನೆ ಎಂದರು.

ಹೌದು ಎನ್ನುವ ಶಬ್ದ ಬಾಯಿವರೆಗೆ ಬಂದಿತ್ತು, ಸುಳ್ಳು ಹೇಳುವುದಿಲ್ಲ. ಎಂಜಿನಿಯರನ ಮಗು ಕಣ್ಣ ಮುಂದೆ ಬಂತು. ಸ್ಟೂಲ್ ಎಳೆದುಕೊಂಡು ಕೂತೆ.

"ಸರ್, ಆವತ್ತು ಸೈರನ್ ಆದ ಮೇಲೆ ಒಂದೂವರೆ ನಿಮಿಷ ನೀವು ಎಲ್ಲಿದ್ರಿ?"

"ಯಾಕ?"

"ಬ್ಯಾಗ್ ಹುಡುಕ್ತಾ ಇದ್ರಿ. ಸೈರನ್ ಕೂಗಿ, ನಾನು ಕಿರುಚಿ, ಅಷ್ಟು ಜನ ಎದ್ದು ಹೊರಗೆ ಹೋದ ಮೇಲೂ ಒಳಗೇ ಇದ್ರಿ. ಅದರ ಮೇಲೆ ಇನ್ನೊಂದೂವರೆ ನಿಮಿಷ ಹಾಕು ಅಂತೀರಾ. ನನ್ನ ಕೈಲಿ ಆಗಲ್ಲ ಸರ್."

ಇಷ್ಟೇ, ಮುಗಿಯಿತು ಎಂದುಕೊಂಡೆ.

"ಹಂಗಾದ್ರ ನಾಳೆ ಕಮಿಟಿ ಮುಂದ ನೀವ ಬಂದು ಹೇಳ್ರಿ," ಎಂದರು. "ನಂದು ಕಾಲುಚೀಲದ ಕತಿನೂ ಹೇಳ್ರಿ, ಅಡ್ಡಿ ಇಲ್ಲ."

ಮರುದಿನ ವಿಡಿಯೋದಲ್ಲಿ ಹೇಳಿದೆ. ಹಾಗಾದರೆ ಸುಳ್ಳು ಕೂಗಿಗೆ ನಿಮ್ಮ ಪರಿಹಾರ ಏನು ಎಂದು ಒಬ್ಬರು ಕೇಳಿದರು. ಡ್ರಮ್ಮಿನ ದಾರಿ ಬದಲಿಸುತ್ತೇವೆ ಎಂದೆ. ಸಿಪ್ಪೆ ಸಾಗಿಸಲು ಬೇರೆ ಓಣಿ ಮಾಡದ ಕಾರ್ಖಾನೆಗೆ ನಾವು ಯಂತ್ರ ಮಾರುವುದಿಲ್ಲ. ಕೊಳ್ಳುವವರು ಅರ್ಧಕ್ಕರ್ಧ ಕಡಿಮೆಯಾಗುತ್ತಾರಲ್ಲ ಎಂದರು. ಆಗುತ್ತಾರೆ ಎಂದೆ. ಮಾರಬೇಕಾದದ್ದು ಮ್ಯಾನೇಜರ್‌ಗಲ್ಲ, ಏನಾದರೂ ಆದರೆ ಕೋರ್ಟು ಹತ್ತಬೇಕಾದ ಮಾಲೀಕರಿಗೆ ಎಂದು ಈಗ ಗೊತ್ತಾಗಿದೆ ಎಂದೂ ಹೇಳಿದೆ. ಯಾರೂ ತಲೆ ಆಡಿಸಲಿಲ್ಲ.

ಎರಡು ದಿನ ಬಿಟ್ಟು ಪಾಲುದಾರರೇ ತಿಳಿಸಿದರು. ಒಪ್ಪಿದ್ದಾರೆ, ಖುಷಿಯಿಂದಲ್ಲ. ಕೇಳಿದ್ದಕ್ಕಿಂತ ಕಡಿಮೆ, ಅದೂ ಎರಡು ಕಂತಿನಲ್ಲಿ. ಹಣ ಕೊಟ್ಟು ಯಂತ್ರ ಕೊಳ್ಳುವ ಕಾರ್ಖಾನೆಗಳು ಸಿಕ್ಕ ಮೇಲೆ ಎರಡನೆಯದು. ನೀವು ಮಾಡುತ್ತಿರುವುದು ತಪ್ಪು ಎಂದೇ ನನಗೆ ಈಗಲೂ ಅನ್ನಿಸುತ್ತದೆ ಎಂದೂ ಸೇರಿಸಿದರು.

ಬೇಕರಿಯ ಮೆಟ್ಟಿಲು ಹತ್ತಿ ಎಂಜಿನಿಯರ್‌ಗೆ ಹೇಳಿದೆ. ಅವನು ಬಿಚ್ಚಿ ತಂದ ಪೆಟ್ಟಿಗೆಯನ್ನು ಒರೆಸುತ್ತಿದ್ದ. ಎಷ್ಟು ತಿಂಗಳಿಗೆ ಸಾಕಾಗುತ್ತದೆ ಎಂದು ಕೇಳಿದ. ಹೇಳಿದೆ. ಆಮೇಲೆ ಅಂದ:

"ಚೇಚಿ, ಗಲ್ಫಿನವರಿಗೆ ನಾನು ಇನ್ನೂ ಇಲ್ಲ ಅಂತ ಹೇಳಿಲ್ಲ."

"ಗೊತ್ತು."

"ಒಂದು ಫೋನ್ ಮಾಡಿ ಬರ್ತೀನಿ."

ಗಾಜಿನ ಬಾಗಿಲು ಎಳೆದುಕೊಂಡು ಹೊರಗಿನ ವರಾಂಡಕ್ಕೆ ಹೋದ. ಸಮಿತಿಯ ಮುಂದೆ ಆಗದಷ್ಟು ಹೆದರಿಕೆ ನನಗೆ ಆಗ ಆಯಿತು. ಅವನ ಬೆನ್ನು ಮಾತ್ರ ಕಾಣುತ್ತಿತ್ತು. ಒಮ್ಮೆ ತಲೆ ಕೆರೆದುಕೊಂಡ. ಒಮ್ಮೆ ಕೆಳಗೆ ರಸ್ತೆಯತ್ತ ಬಗ್ಗಿದ. ಮಾತು ಮುಗಿದ ಮೇಲೂ ಸ್ವಲ್ಪ ಹೊತ್ತು ಫೋನ್ ನೋಡುತ್ತ ನಿಂತಿದ್ದ.

ಒಳಗೆ ಬಂದವನು ನನ್ನ ಮುಖ ನೋಡಲಿಲ್ಲ. ಕಪಾಟಿನ ಬಾಗಿಲು ತೆರೆದು, ಇದ್ದಿಲಿನ ಫಿಲ್ಟರ್‌ಗಳ ಡಬ್ಬ ಎಲ್ಲಿಟ್ಟಿರಿ ಚೇಚಿ, ಹೊಸ ಕಾರ್ಖಾನೆಗೆ ದಪ್ಪದ್ದು ಬೇಕು ಎಂದ. ಮೇಲಿನ ಅರೆಯಲ್ಲಿದೆ ಎಂದೆ. ಅವನು ಹತ್ತಲು ಸ್ಟೂಲ್ ಎಳೆದು, ಎರಡೂ ಕೈಯಲ್ಲಿ ಹಿಡಿದುಕೊಂಡೆ.